ಸ್ಪ್ರಿಂಗಿನ ಎರಡು ಸುತ್ತು

ಏಳು ವರ್ಷದ ಇಎಂಐ ತಲೆ ಮೇಲೆ ಹೊತ್ತು ತಂದ ಕಾರನ್ನು ತಿಂಗಳೊಳಗೆ ಗ್ಯಾರೇಜಿಗೆ ಒಯ್ದು, ಕಂಪನಿಯವರು ಹಾಕಿದ್ದ ಸ್ಪ್ರಿಂಗು, ಸ್ಟ್ರಟ್ಟು ಎರಡನ್ನೂ ಬಿಚ್ಚಿಸಿ, ಹೊರಗಿಂದ ತರಿಸಿದ ಗಿಡ್ಡ ಸ್ಪ್ರಿಂಗ್ ಕೂರಿಸಿ, ಕಾರನ್ನು ಒಂದೂವರೆ ಇಂಚು ನೆಲಕ್ಕೆ ಹತ್ತಿರ ಮಾಡಿಕೊಳ್ಳೋರು ನಿಮ್ಮ ಆಫೀಸಿನ ಪಾರ್ಕಿಂಗಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆಮೇಲೆ ಅವರ ಪಾಡು ನೋಡಬೇಕು. ಹಂಪ್ ಬಂತು ಅಂದರೆ ಸಾಕು, ಕಾರನ್ನು ಪೂರ್ತಿ ನಿಲ್ಲಿಸಿ, ಓರೆ ತಿರುಗಿಸಿ, ಒಂದೊಂದೇ ಚಕ್ರವನ್ನು ಮಗು ಕೈ ಹಿಡಿದು ಮೆಟ್ಟಿಲು ಇಳಿಸಿದ ಹಾಗೆ ದಾಟಿಸುತ್ತಾರೆ. ಹಿಂದಿನ ಆಟೋದವನು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗಿರುತ್ತಾನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ ನಯವಾದ ದಿಬ್ಬ. ನಮ್ಮ ಬಡಾವಣೆಗಳ ಹಂಪುಗಳು ಆ ಪುಸ್ತಕ ಓದಿದ ಹಾಗೆ ಕಾಣೋಲ್ಲ.

ಇದು ಹುಚ್ಚು ಅಂತ ನೀವು ಅಂದರೆ ನಾನು ವಾದಕ್ಕೆ ಬರೋಲ್ಲ. ಆದರೆ ಈ ಹುಚ್ಚಿಗೆ ಹತ್ತಿರ ಹತ್ತಿರ ಎಂಬತ್ತು ವರ್ಷದ ಇತಿಹಾಸ ಇದೆ. ಅದರೊಳಗೆ ಪೊಲೀಸರಿದ್ದಾರೆ, ಶಾಸನಸಭೆ ಇದೆ, ಬಣ್ಣದ ರಾಜಕೀಯ ಇದೆ, ಒಂದು ರಸ್ತೆಗಾಗಿ ನಡೆದ ಜಗಳ ಇದೆ. ಕಾರು ನೆಲದಿಂದ ಎಷ್ಟು ಎತ್ತರ ಇರಬೇಕು ಅಂತ ತೀರ್ಮಾನ ಮಾಡೋರು ಯಾರು ಅನ್ನೋ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟಿದೆ. ಅದನ್ನು ಹೇಳಬೇಕು ಅಂದರೆ ಮೊದಲು ಲಾಸ್ ಏಂಜಲೀಸಿನ ಪೂರ್ವಕ್ಕೆ ಹೋಗಬೇಕು.

1940ರ ದಶಕ. ಯುದ್ಧದ ಕಾರ್ಖಾನೆಗಳಲ್ಲಿ ಕೈತುಂಬ ಕೆಲಸ. ಮೆಕ್ಸಿಕೋ ಮೂಲದ ಕುಟುಂಬಗಳ ಹುಡುಗರು ಮೊದಲ ಬಾರಿಗೆ ಜೇಬಲ್ಲಿ ಒಂದಿಷ್ಟು ಕಾಸು ಕಂಡಿದ್ದರು. ಮೊದಲು ಆ ಕಾಸು ಬಟ್ಟೆಗೆ ಹೋಯಿತು. ಜೂಟ್ ಸೂಟ್ ಅಂತ, ಮೊಣಕಾಲಿನವರೆಗೆ ಇಳಿಯುವ ಕೋಟು, ದೊಗಳೆ ಪ್ಯಾಂಟು. ಯುದ್ಧಕಾಲದಲ್ಲಿ ಬಟ್ಟೆಗೂ ರೇಷನ್ ಇದ್ದಾಗ ಇಷ್ಟುದ್ದ ಬಟ್ಟೆ ಹಾಕೋದು ದೇಶದ್ರೋಹ ಅಂತ ಗುಲ್ಲೆದ್ದಿತು. 1943ರ ಜೂನ್‌ನಲ್ಲಿ ನೌಕಾಪಡೆಯ ಹುಡುಗರು ಬೀದಿಗಿಳಿದು, ಸಿಕ್ಕ ಸಿಕ್ಕ ಮೆಕ್ಸಿಕನ್ ಹುಡುಗರಿಗೆ ಹೊಡೆದು ಮೈಮೇಲಿನ ಸೂಟು ಬಿಚ್ಚಿ ಹರಿದರು. ಪೊಲೀಸರು ಬಂದು ಹಿಡಿದುಕೊಂಡು ಹೋಗಿದ್ದು ಬಹುಪಾಲು ಹೊಡೆಸಿಕೊಂಡವರನ್ನೇ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ಕಾರಿನ ವಿಷಯದಲ್ಲಿ ಆಗಿದ್ದು ಬೇರೇನೂ ಇಲ್ಲ. ಅಲಂಕಾರ ಮಾಡಿಕೊಂಡವನೇ ತಪ್ಪಿತಸ್ಥ.

ಯುದ್ಧ ಮುಗಿದ ಮೇಲೆ ಕಾಸು ಕಾರಿಗೆ ತಿರುಗಿತು. ಹೊಸ ಕಾರು ಕೊಳ್ಳುವ ಮಾತೇ ಇಲ್ಲ. ಹಳೇ ಷೆವರ್ಲೆಗಳು ಅಗ್ಗಕ್ಕೆ ಸಿಗುತ್ತಿದ್ದವು, ಬಿಡಿಭಾಗ ಎಲ್ಲೆಡೆ ಸಿಗುತ್ತಿದ್ದವು. ಬಿಳಿಯ ಹುಡುಗರು ತಮ್ಮ ಹಳೇ ಫೋರ್ಡುಗಳಿಗೆ ಎಂಜಿನ್ ಜೋರು ಮಾಡಿ, ಮುಂಭಾಗ ತಗ್ಗಿಸಿ, ಹಿಂಭಾಗ ಎತ್ತಿ, ರೇಸಿಗೆ ಹೊರಟ ಹಾಗೆ ಮಾಡಿಕೊಳ್ಳುತ್ತಿದ್ದರು. ಪೂರ್ವ ಲಾಸ್ ಏಂಜಲೀಸಿನ ಹುಡುಗರು ಅದನ್ನು ತಿರುವುಮುರುವು ಮಾಡಿದರು. ಹಿಂಭಾಗ ಕೆಳಗೆ, ಆಮೇಲೆ ಮುಂಭಾಗವೂ ಕೆಳಗೆ, ಓಡಿಸೋದು ನಿಧಾನಕ್ಕೆ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ಅವರದೇ ಮಾತಿತ್ತು: ಬಹೀತೊ ಇ ಸ್ವಾವೆಸೀತೊ. ತಗ್ಗಾಗಿ, ಮೆತ್ತಗೆ. ನಮ್ಮಲ್ಲಿ ಮನೆಯ ಹಿರಿಯರು ‘ತಗ್ಗಿ ಬಗ್ಗಿ ನಡಿ’ ಅಂದರೆ ಬಾಲ ಮುದುರಿಕೊಂಡಿರು ಅಂತ ಅರ್ಥ. ಅಲ್ಲಿ ತಗ್ಗೋದು ಅಂದರೆ ಮೆರೆಯೋದು. ಗಂಟೆಗೆ ಎಂಟು ಹತ್ತು ಮೈಲಿ ವೇಗದಲ್ಲಿ, ಮೊಣಕೈ ಕಿಟಕಿಯಿಂದ ಹೊರಗೆ ಹಾಕಿಕೊಂಡು, ಇಡೀ ಬೀದಿ ತನ್ನನ್ನೇ ನೋಡುವ ಹಾಗೆ ಹೋಗೋದು. ಮೆರವಣಿಗೆಯ ತೇರು ಎಲ್ಲಾದರೂ ಓಡುತ್ತದೆಯೇ?

ತಗ್ಗಿಸುವ ದಾರಿ ಮೊದಮೊದಲಿಗೆ ತೀರಾ ಸಲೀಸು. ಡಿಕ್ಕಿಯಲ್ಲಿ ಮರಳಿನ ಮೂಟೆ, ಇಲ್ಲಾಂದರೆ ಸಿಮೆಂಟ್ ಮೂಟೆ. ಶನಿವಾರ ಸಂಜೆ ಹಾಕಿದರೆ ಸೋಮವಾರ ಕೆಲಸಕ್ಕೆ ಹೋಗುವಾಗ ತೆಗೆದಿಡಬಹುದು. ಹಿಂಭಾಗದಲ್ಲಿ ಪಟ್ಟೆ ಸ್ಪ್ರಿಂಗ್, ಅಂದರೆ ನಮ್ಮ ಲಾರಿಗಳಿಗೆ ಇರುವಂಥದ್ದು, ಇದ್ದರೆ ಪಟ್ಟೆಗೂ ಆಕ್ಸಲ್ಲಿಗೂ ಮಧ್ಯೆ ಕಬ್ಬಿಣದ ದಿಮ್ಮಿ ಇಡುತ್ತಿದ್ದರು. ಸುರುಳಿ ಸ್ಪ್ರಿಂಗ್ ಇದ್ದ ಕಡೆ ಗ್ಯಾಸ್ ಕಟರ್. ಕೆಲವರು ಸ್ಪ್ರಿಂಗನ್ನು ಜಾಗದಲ್ಲೇ ಕೆಂಪಗೆ ಕಾಯಿಸಿ ಕಾರಿನ ಭಾರಕ್ಕೆ ಅದು ತಾನಾಗೇ ಕುಸಿಯುವಂತೆ ಮಾಡುತ್ತಿದ್ದರು. ಇದು ಎಲ್ಲಕ್ಕಿಂತ ಕೆಟ್ಟ ಉಪಾಯ. ಉಕ್ಕಿಗೆ ಕೊಟ್ಟಿದ್ದ ಹದ ಹೋಗಿಬಿಡುತ್ತದೆ, ಒಂದು ದಿನ ಸ್ಪ್ರಿಂಗ್ ಮುರಿಯುತ್ತದೆ. ಸ್ವಲ್ಪ ಬುದ್ಧಿವಂತರು ಕೆಳಗಿನ ಎರಡು ಸುತ್ತು ಕತ್ತರಿಸಿ ತೆಗೆಯುತ್ತಿದ್ದರು.

ಈ ಎರಡು ಸುತ್ತಿನ ಲೆಕ್ಕವನ್ನು ಒಂದು ಸಲ ನೋಡಿಬಿಡೋಣ. ಇಡೀ ಕಥೆ ನಿಂತಿರೋದು ಅದರ ಮೇಲೆ. ಎಂಟು ಸುತ್ತಿನ ಒಂದು ಸ್ಪ್ರಿಂಗ್ ಅಂದುಕೊಳ್ಳಿ. ಭಾರ ಇಲ್ಲದಾಗ ಅದರ ಉದ್ದ 300 ಮಿಲಿಮೀಟರ್. ಒಂದು ಮಿ.ಮೀ. ಒತ್ತೋಕೆ 3 ಕೆಜಿ ಭಾರ ಬೇಕು. ಕಾರಿನ ಒಂದು ಮೂಲೆಯ 300 ಕೆಜಿ ಅದರ ಮೇಲೆ ಕೂತರೆ ಅದು 100 ಮಿ.ಮೀ. ಕುಗ್ಗಿ 200ಕ್ಕೆ ನಿಲ್ಲುತ್ತದೆ. ಈಗ ಎರಡು ಸುತ್ತು ಕತ್ತರಿಸಿ. ಉದ್ದ 225ಕ್ಕೆ ಇಳಿಯಿತು. ಆದರೆ ಸ್ಪ್ರಿಂಗ್ ಮೊದಲಿಗಿಂತ ಬಿಗಿಯಾಯಿತು! ಸುತ್ತು ಕಡಿಮೆ ಆದಷ್ಟೂ ಗಡಸು ಹೆಚ್ಚುತ್ತದೆ. ಎಂಟು ಆರಾದರೆ ಮೂರನೇ ಒಂದು ಪಾಲು ಹೆಚ್ಚು, ಅಂದರೆ ಮಿ.ಮೀ.ಗೆ 4 ಕೆಜಿ. ಅದೇ 300 ಕೆಜಿ ಕೂತರೆ 75 ಮಿ.ಮೀ. ಕುಗ್ಗಿ 150ಕ್ಕೆ ನಿಲ್ಲುತ್ತದೆ. ಕಾರು 50 ಮಿ.ಮೀ. ತಗ್ಗಿತು. ಎರಡು ಇಂಚು, ಪುಕ್ಕಟೆ.

ಪುಕ್ಕಟೆ ಅನ್ನೋದು ಅಲ್ಲಿಗೆ ಮುಗಿಯಿತು. ಚಕ್ರ ಮೇಲೆ ಹೋಗೋಕೆ ಮೊದಲು 80 ಮಿ.ಮೀ. ಜಾಗ ಇದ್ದರೆ ಈಗ ಉಳಿದಿರೋದು 30. ಗುಂಡಿ ಬಂದರೆ ತಳದ ರಬ್ಬರ್ ಗುಬುಟಿಗೆ ಧಡ್ ಅಂತ ಹೊಡೆತ. ಇನ್ನೊಂದು ಕಡೆ, ಜ್ಯಾಕ್ ಹಾಕಿ ಎತ್ತಿದಾಗಲೋ, ಚಕ್ರ ಗುಂಡಿಗೆ ಇಳಿದಾಗಲೋ ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಳ್ಳುತ್ತದೆ. ಆಗ ಸ್ಪ್ರಿಂಗ್ ಕೂರುವ ಎರಡು ತಟ್ಟೆಗಳ ನಡುವೆ 270 ಮಿ.ಮೀ. ಅಂತರ ಇದ್ದರೆ, 225ರ ಸ್ಪ್ರಿಂಗ್ ಅಲ್ಲಿ ಲೊಡಲೊಡ ಅಲುಗಾಡುತ್ತದೆ. ವಾಪಸ್ ಕೂರುವಾಗ ತನ್ನ ಜಾಗದಲ್ಲೇ ಕೂರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಮೇಲಾಗಿ, ಬಿಗಿಯಾದ ಸ್ಪ್ರಿಂಗಿನ ಕುಣಿತವನ್ನು ಹಳೇ ಶಾಕ್ ಅಬ್ಸಾರ್ಬರ್ ತಡೆಯಲಾರದು; ಮೊದಲಿನ ಹತೋಟಿಯೇ ಬೇಕು ಅಂದರೆ ಅದಕ್ಕೆ ಸುಮಾರು 15 ಪರ್ಸೆಂಟ್ ಹೆಚ್ಚು ತಾಕತ್ತು ಬೇಕಾಗುತ್ತದೆ. ಹಾಗಾಗಿ ಕತ್ತರಿಸಿದ ಸ್ಪ್ರಿಂಗ್ ಅಪಾಯ ಅನ್ನೋದರಲ್ಲಿ ಎರಡು ಮಾತಿಲ್ಲ. ಹುಡುಗರ ಪರವಾಗಿ ಮಾತಾಡುವ ಭರದಲ್ಲಿ ನಾವು ಇದನ್ನು ಮುಚ್ಚಿಡಬಾರದು.

ಅಪಾಯ ಇದ್ದರೆ ಸರ್ಕಾರ ಸುಮ್ಮನಿರಬಾರದು, ಸರಿಯೇ. ಕ್ಯಾಲಿಫೋರ್ನಿಯಾ ಏನು ಮಾಡಿತು ನೋಡಿ. 1958ರಲ್ಲಿ ಜಾರಿಗೆ ಬಂದ ಕಾನೂನು, ವಾಹನ ಸಂಹಿತೆಯ 24008ನೇ ಕಲಮು. ಮಾರ್ಪಡಿಸಿದ ಕಾರಿನ ಯಾವ ಭಾಗವೂ, ಚಕ್ರ ಒಂದನ್ನು ಬಿಟ್ಟು, ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗೆ ಇರಕೂಡದು. ಟೈರ್ ಪಂಕ್ಚರ್ ಆಗಿ ಗಾಳಿ ಹೋದರೂ ಕಾರಿನ ತಳ ರಸ್ತೆಗೆ ತಾಗಬಾರದು ಅನ್ನೋದು ಇದರ ಹಿಂದಿನ ತರ್ಕ. ಕೇಳೋಕೆ ಚೆನ್ನಾಗಿದೆ. ಆದರೆ ಈ ಕಾನೂನು ಸ್ಪ್ರಿಂಗನ್ನು ಮುಟ್ಟುವುದೇ ಇಲ್ಲ. ಕತ್ತರಿಸಿದ ಸ್ಪ್ರಿಂಗ್ ಹಾಕಿ ರಿಮ್ಮಿಗಿಂತ ಅರ್ಧ ಇಂಚು ಮೇಲೆ ನಿಲ್ಲಿಸಿದರೆ, ಒಳಗೆ ಎಷ್ಟೇ ಅಪಾಯ ಇರಲಿ, ಈ ಕಲಮು ಅವನನ್ನು ಕೇಳೋಲ್ಲ. ಅಚ್ಚುಕಟ್ಟಾಗಿ ಕೆಲಸ ಮಾಡಿಸಿ ಅರ್ಧ ಇಂಚು ಕೆಳಗೆ ಇಳಿಸಿದವನು ಅಪರಾಧಿ. ಪೊಲೀಸರ ಕೈಗೆ ಸಿಕ್ಕಿದ್ದು ಕಣ್ಣಳತೆಯಲ್ಲೇ ಕಾರು ನಿಲ್ಲಿಸಿ ಚೀಟಿ ಹರಿಯುವ ಅಧಿಕಾರ. ಆ ಚೀಟಿಗಳು ಹೆಚ್ಚಾಗಿ ಯಾವ ಬೀದಿಯಲ್ಲಿ ಹರಿದವು ಅಂತ ಬಿಡಿಸಿ ಹೇಳಬೇಕಿಲ್ಲ.

ಕಾನೂನು ಚಾಪೆ ಕೆಳಗೆ ತೂರಿದರೆ ಹುಡುಗರು ರಂಗೋಲಿ ಕೆಳಗೆ ತೂರುತ್ತಾರೆ. ಸ್ಯಾನ್ ಬರ್ನಾರ್ಡಿನೋದ ರಾನ್ ಅಗೀರೆ ಅನ್ನೋ ಯುವಕನ ಹತ್ತಿರ ತಗ್ಗಿಸಿದ ಒಂದು ಕಾರ್ವೆಟ್ ಇತ್ತು. ಅದಕ್ಕೆ ಎಕ್ಸ್-ಸಾನಿಕ್ ಅಂತ ಹೆಸರಿಟ್ಟಿದ್ದ. ದಂಡ ಕಟ್ಟಿ ಕಟ್ಟಿ ಸಾಕಾಗಿ, 1959ರ ಹೊತ್ತಿಗೆ ಅಪ್ಪನ ಸಹಾಯದಿಂದ ಅದಕ್ಕೆ ಹೈಡ್ರಾಲಿಕ್ ಜೋಡಿಸಿದ. ಗುಜರಿಯಲ್ಲಿ ಸಿಗುತ್ತಿದ್ದ ವಿಮಾನದ ಪಂಪು, ಸಿಲಿಂಡರು, ಒಂದು ಸ್ವಿಚ್ಚು. ಪೊಲೀಸ್ ಕಂಡರೆ ಸ್ವಿಚ್ ಒತ್ತು, ಕಾರು ಎದ್ದು ನಿಲ್ಲುತ್ತದೆ, ಕಾನೂನಿನ ಎತ್ತರಕ್ಕೆ ಬರುತ್ತದೆ. ಅವನು ಅತ್ತ ಹೋದ ಮೇಲೆ ಮತ್ತೆ ಕೆಳಗೆ. ಇಂದು ಸಿನಿಮಾಗಳಲ್ಲಿ, ಹಾಡಿನ ವಿಡಿಯೋಗಳಲ್ಲಿ ಕಾರುಗಳು ಕಪ್ಪೆ ಹಾಗೆ ಕುಪ್ಪಳಿಸೋದನ್ನು ನೋಡುತ್ತೀರಲ್ಲ, ಅದರ ಮೂಲಪುರುಷ ಈ ಸ್ವಿಚ್ಚು. ಒಂದು ಮಾತು: ಹೈಡ್ರಾಲಿಕ್ ಬಂತು ಅಂತ ಸ್ಪ್ರಿಂಗ್ ಮಾಯ ಆಗಲಿಲ್ಲ. ಎಣ್ಣೆ ಕುಗ್ಗೋಲ್ಲ, ಬರೀ ಎಣ್ಣೆಯ ಮೇಲೆ ಕಾರು ಕೂತರೆ ಸವಾರರ ಹಲ್ಲು ಉದುರುತ್ತವೆ. ಹಾಗಾಗಿ ಸಿಲಿಂಡರಿನ ಜೊತೆಗೆ ಒಂದು ತುಂಡು ಸ್ಪ್ರಿಂಗ್ ಇರಲೇಬೇಕಾಯಿತು. ಅದೇ ಕತ್ತರಿಸಿದ ಸ್ಪ್ರಿಂಗ್. 1958ರಿಂದ ಷೆವರ್ಲೆಯವರು ಹಿಂಭಾಗಕ್ಕೂ ಪಟ್ಟೆ ಬಿಟ್ಟು ಸುರುಳಿ ಸ್ಪ್ರಿಂಗ್ ಕೊಟ್ಟಿದ್ದು, ಆ ವರ್ಷವೇ ಇಂಪಾಲಾ ಅನ್ನೋ ಹೆಸರು ಶುರುವಾಗಿದ್ದು ಈ ಹುಡುಗರ ಅದೃಷ್ಟ. ಇಂಪಾಲಾ ಅವರ ಮನೆದೇವರೇ ಆಗಿಹೋಯಿತು.

ಆ ಹೊತ್ತಿಗೆ ವಿಟ್ಟಿಯರ್ ಬುಲೆವಾರ್ಡ್ ಅನ್ನೋ ರಸ್ತೆ ಇವರ ತೇರುಬೀದಿ. ವಾರಾಂತ್ಯದ ರಾತ್ರಿ ಕಾರುಗಳು ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದು. ಜೆಸ್ಸಿ ವಲಾಡೆಜ್ ಅವರ ‘ಜಿಪ್ಸಿ ರೋಸ್’ ಇದೇ ಬೀದಿಯದು. 1964ರ ಇಂಪಾಲಾ, ಮೈಮೇಲೆ ಗುಲಾಬಿ ಬಣ್ಣ, ಅದರ ಮೇಲೆ ಕೈಯಲ್ಲಿ ಬಿಡಿಸಿದ ಗುಲಾಬಿ ಹೂಗಳು. ಇದಕ್ಕೂ ಮುಂಚಿನ ಅದೇ ಹೆಸರಿನ ಕಾರನ್ನು ಆಗದವರು ಇಟ್ಟಿಗೆಯಲ್ಲಿ ಜಜ್ಜಿ ಹಾಕಿದ್ದರು, ಇದು ಎರಡನೆಯದು. 1970ರ ದಶಕದ ಒಂದು ಟಿವಿ ಧಾರಾವಾಹಿಯ ಶುರುವಿನಲ್ಲಿ ಈ ಕಾರು ಬಂದು, ಅಮೆರಿಕದ ಮನೆಮನೆಗೂ ಗೊತ್ತಾಯಿತು. ಅದೇ ರಸ್ತೆ ಬೇರೆಯದಕ್ಕೂ ಸಾಕ್ಷಿ. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಚಿಕಾನೋಗಳು, ಅಂದರೆ ಮೆಕ್ಸಿಕೋ ಮೂಲದ ಅಮೆರಿಕನ್ನರು, ನಡೆಸಿದ ದೊಡ್ಡ ಮೆರವಣಿಗೆಯ ದಿನ, ಪತ್ರಕರ್ತ ರೂಬೆನ್ ಸಲಾಜಾರ್ ಈ ರಸ್ತೆಯ ಒಂದು ಬಾರಿನಲ್ಲಿ ಕೂತಿದ್ದರು. ಶೆರಿಫನ ಕಡೆಯವನೊಬ್ಬ ಒಳಕ್ಕೆ ಹಾರಿಸಿದ ಅಶ್ರುವಾಯು ಶೆಲ್ ತಲೆಗೆ ಬಡಿದು ಸತ್ತರು. ಕಾರು ತಗ್ಗಿಸಿಕೊಂಡು ನಿಧಾನಕ್ಕೆ ಓಡಾಡೋದು ಅಲ್ಲಿ ಬರೀ ಶೋಕಿ ಆಗಿ ಉಳಿಯದೆ ಇದ್ದಿದ್ದು ಯಾಕೆ ಅನ್ನೋದು ಇಂಥ ರಸ್ತೆಯನ್ನು ಗಮನಿಸಿದರೆ ಅರ್ಥ ಆಗುತ್ತದೆ. ಈ ರಸ್ತೆ ನಮ್ಮದೂ ಹೌದು ಅಂತ ಹೇಳೋಕೆ ಅವರಿಗೆ ಇದ್ದಿದ್ದು ಅದೊಂದೇ ಭಾಷೆ.

ಎತ್ತರದ ಕಾನೂನಿಗೆ ಸ್ವಿಚ್ಚಿನ ಉತ್ತರ ಸಿಕ್ಕ ಮೇಲೆ ಆಡಳಿತ ಬೇರೆ ದಾರಿ ಹುಡುಕಿತು. ಕಾರಿನ ಎತ್ತರ ಬಿಟ್ಟು ಓಡಾಟವನ್ನೇ ತಡೆಯೋದು. ರಾತ್ರಿ ರಸ್ತೆ ಬಂದ್. ಆಮೇಲೆ 1980ರ ದಶಕದಲ್ಲಿ ಊರೂರಿಗೆ ‘ಕ್ರೂಸಿಂಗ್’ ನಿಷೇಧ: ನಿಗದಿತ ಸಮಯದೊಳಗೆ ಒಂದೇ ಜಾಗ ಮತ್ತೆ ಮತ್ತೆ ದಾಟಿದರೆ ದಂಡ. ಪಾರ್ಕಿಂಗ್ ಹುಡುಕಿಕೊಂಡು ನಾಲ್ಕು ಸಲ ಸುತ್ತು ಹೊಡೆಯುವ ನಮ್ಮಂಥವರ ಗತಿ ಏನಾಗುತ್ತಿತ್ತೋ! ಈ ಎರಡೂ ಕಾನೂನು ಕೊನೆಗೆ ಹೋಗಿದ್ದು ಮೊನ್ನೆ ಮೊನ್ನೆ. 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ರದ್ದತಿಯ ಮಸೂದೆಗೆ ಸಹಿ ಹಾಕಿದರು, 2024ರ ಜನವರಿ 1ರಿಂದ ಜಾರಿಗೆ ಬಂತು. ಅಷ್ಟು ಹೊತ್ತಿಗೆ ಜಿಪ್ಸಿ ರೋಸ್ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ವಾಹನಗಳ ಪಟ್ಟಿ ಸೇರಿ, ವಾಷಿಂಗ್ಟನ್ನಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ರದರ್ಶನಕ್ಕೂ ಹೋಗಿ ಬಂದಾಗಿತ್ತು. ಕಾರು ಇತಿಹಾಸವಾದ ಎಷ್ಟೋ ವರ್ಷದ ಮೇಲೆ ಅಂಥ ಕಾರು ಅಪರಾಧ ಅಲ್ಲ ಅಂತ ಆಯಿತು. ವಲಾಡೆಜ್ 2011ರಲ್ಲೇ ತೀರಿಕೊಂಡಿದ್ದರು.

ಈಗ ಸ್ಟ್ರಟ್ಟಿನ ಕಥೆಗೆ ಬರೋಣ. ನಮ್ಮ ಪಾರ್ಕಿಂಗಿನ ಗೆಳೆಯರ ವಂಶವೃಕ್ಷ ಲಾಸ್ ಏಂಜಲೀಸಿಗಿಂತ ಈ ಕಡೆಗೇ ಹತ್ತಿರ.

ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಎಂಜಿನಿಯರ್ 1940ರ ದಶಕದ ನಡುವೆ ಜನರಲ್ ಮೋಟಾರ್ಸ್‌ನಲ್ಲಿ ಷೆವರ್ಲೆ ಕ್ಯಾಡೆಟ್ ಅನ್ನೋ ಚಿಕ್ಕ, ಅಗ್ಗದ ಕಾರಿನ ಮೇಲೆ ಕೆಲಸ ಮಾಡುತ್ತಿದ್ದರು. 1947ರಲ್ಲಿ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. ಅವರು ಮುನಿಸಿಕೊಂಡರೋ ಇಲ್ಲವೋ, ಫೋರ್ಡ್ ಸೇರಿದರು. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳು ಮ್ಯಾಕ್‌ಫರ್ಸನ್ ಸ್ಟ್ರಟ್ ಹೊತ್ತು ಬಂದವು. ಉಪಾಯ ಸರಳ: ಶಾಕ್ ಅಬ್ಸಾರ್ಬರನ್ನೇ ಒಂದು ಗಟ್ಟಿ ಕಂಬ ಮಾಡಿ, ಅದರ ಸುತ್ತ ಸ್ಪ್ರಿಂಗ್ ಹಾಕಿ, ಸ್ಟಿಯರಿಂಗ್ ತಿರುಗಿಸಿದಾಗ ಆ ಕಂಬವೇ ತಿರುಗುವ ಹಾಗೆ ಮಾಡೋದು. ಭಾಗ ಕಡಿಮೆ, ಖರ್ಚು ಕಡಿಮೆ, ಜಾಗ ಕಡಿಮೆ. ಎಂಜಿನ್ ಅಡ್ಡಡ್ಡ ಕೂರಿಸುವ ಚಿಕ್ಕ ಕಾರುಗಳಿಗೆ ಇದು ಹೇಳಿ ಮಾಡಿಸಿದ್ದು. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಮುಂದೆ ಇದೇ. 1983ರಲ್ಲಿ ನಮ್ಮಲ್ಲಿಗೆ ಬಂದ ಮಾರುತಿ 800 ಮುಂದೆಯೂ ಇದೇ.

ಆದರೆ ತಗ್ಗಿಸೋರಿಗೆ ಇದರಿಂದ ಒಂದು ಹೊಸ ತಲೆನೋವು. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ ಗಂಡಹೆಂಡಿರ ಹಾಗೆ ಅಂಟಿಕೊಂಡಿರುವಾಗ, ಒಂದನ್ನು ಕತ್ತರಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಎರಡೂ ಕೆಡುತ್ತವೆ. ಮೊದಲಿಗೇ ಲೆಕ್ಕ ಹಾಕಿ ಗಿಡ್ಡವಾಗಿ ಸುತ್ತಿದ ಸ್ಪ್ರಿಂಗ್ ಬೇಕು, ಜೊತೆಗೆ ಚಾಚು ಕಡಿಮೆ ಇರುವ, ಹಿಡಿತ ಹೆಚ್ಚಿರುವ ಸ್ಟ್ರಟ್ ಬೇಕು. ಆಗ ಚಕ್ರ ಪೂರ್ತಿ ಜೋತುಬಿದ್ದರೂ ಸ್ಪ್ರಿಂಗ್ ತನ್ನ ತಟ್ಟೆ ಬಿಡೋಲ್ಲ. ಗ್ಯಾಸ್ ಕಟರಿನ ಕಾಲ ಮುಗಿದು ಕ್ಯಾಟಲಾಗಿನ ಕಾಲ ಬಂದಿದ್ದು ಹೀಗೆ. ಪಶ್ಚಿಮ ಜರ್ಮನಿಯ ಸಾವರ್‌ಲ್ಯಾಂಡ್ ಅನ್ನೋ ಗುಡ್ಡಗಾಡಿನಲ್ಲಿ, ಫಿನ್ನೆಂಟ್ರೋಪ್, ಲೆನೆಸ್ಟಾಟ್ ಅನ್ನೋ ಎರಡು ಅಕ್ಕಪಕ್ಕದ ಊರುಗಳಿವೆ. ಒಂದರಲ್ಲಿ 1951ರಲ್ಲಿ ಶುರುವಾದ ಐಬಾಖ್, ಇನ್ನೊಂದರಲ್ಲಿ ಎಚ್ ಅಂಡ್ ಆರ್. ತಗ್ಗಿಸುವ ಸ್ಪ್ರಿಂಗಿನ ಲೋಕದಲ್ಲಿ ದೊಡ್ಡ ಹೆಸರು ಎರಡೂ ಒಂದೇ ತಾಲ್ಲೂಕಿನವು ಅಂದ ಹಾಗೆ. ಚನ್ನಪಟ್ಟಣಕ್ಕೆ ಗೊಂಬೆ ಇದ್ದಂತೆ ಆ ಸೀಮೆಗೆ ಸ್ಪ್ರಿಂಗು.

ಜರ್ಮನಿಯ ಸರ್ಕಾರ ಈ ಹುಡುಗರನ್ನು ಹೇಗೆ ನೋಡಿತು ಅನ್ನೋದು ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ. ಅಲ್ಲಿ ಟ್ಯೂಫ್ ಅನ್ನೋ ಪರೀಕ್ಷಾ ಸಂಸ್ಥೆಗಳಿವೆ. ಅವುಗಳ ಮೂಲ ಕಾರಲ್ಲ, ಉಗಿ ಬಾಯ್ಲರು. 1865ರಲ್ಲಿ ಮ್ಯಾನ್‌ಹೈಮ್‌ನ ಬಿಯರ್ ತಯಾರಿಕೆಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದ ಮೇಲೆ, ಮರುವರ್ಷ ಬಾಯ್ಲರ್ ಮಾಲೀಕರೇ ಸೇರಿ ತಪಾಸಣೆಗೆ ಒಂದು ಸಂಘ ಕಟ್ಟಿಕೊಂಡರು. ಬಾಯ್ಲರ್ ನೋಡುತ್ತಿದ್ದ ಆ ಕಣ್ಣು ಮುಂದೆ ಕಾರಿಗೂ ತಿರುಗಿತು. ಈ ಕಣ್ಣಿಗೆ ತಗ್ಗಿಸಿದ ಕಾರು ಕಂಡಾಗ ಅದು ಕೇಳಿದ್ದು ಎಂಜಿನಿಯರನ ಪ್ರಶ್ನೆಯನ್ನು: ಈ ಸ್ಪ್ರಿಂಗ್ ಯಾರು ಮಾಡಿದ್ದು, ಯಾವ ಮಾಡೆಲಿಗೆ, ಎಷ್ಟು ಭಾರಕ್ಕೆ? ತಯಾರಕರು ತಮ್ಮ ಸ್ಪ್ರಿಂಗನ್ನು ಪರೀಕ್ಷೆಗೆ ಕೊಟ್ಟು ಅದರ ಜಾತಕವನ್ನು ಬರೆಸಿಕೊಳ್ಳಬೇಕು. ಕೊಂಡವನು ಹಾಕಿಸಿಕೊಂಡ ಮೇಲೆ ಆ ಜಾತಕ ಹಿಡಿದು ತಪಾಸಣೆಗೆ ಹೋಗಬೇಕು. ಅಲ್ಲಿ ಪರೀಕ್ಷಕ ಚಕ್ರ ಎಲ್ಲಾದರೂ ಉಜ್ಜುತ್ತದೆಯೇ, ಸ್ಪ್ರಿಂಗ್ ಜೋತಾಗ ಸಡಿಲ ಆಗುತ್ತದೆಯೇ, ಹೆಡ್‌ಲೈಟ್ ಎಲ್ಲಿಗೆ ಬೀಳುತ್ತದೆ ಅಂತ ನೋಡಿ, ಸರಿ ಇದ್ದರೆ ಒಪ್ಪಿಗೆ ಕೊಡುತ್ತಾನೆ. ಬದಲಾವಣೆ ಗಾಡಿಯ ಕಾಗದಪತ್ರಕ್ಕೆ ಸೇರುತ್ತದೆ. ಕಾಗದ ಇಲ್ಲದೆ ಓಡಿಸಿದರೆ ಕಾರಿನ ಪರವಾನಗಿಯೇ ಬಿದ್ದುಹೋಗುತ್ತದೆ. ಕಿರಿಕಿರಿ ಇದೆ, ಶುಲ್ಕ ಇದೆ, ಜರ್ಮನ್ನರದ್ದೇ ಆದ ಕಾಗದದ ಗೀಳಿದೆ. ಆದರೂ ನಲವತ್ತು ಮಿ.ಮೀ. ತಗ್ಗಿಸಿದ ಕಾರಿನ ಕಾಗದ ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಂಡವನು ಪೊಲೀಸ್ ಕಂಡರೆ ಸ್ವಿಚ್ ಒತ್ತಬೇಕಿಲ್ಲ.

ಹಾಗಂತ ಜರ್ಮನ್ ಸಮಾಜ ಇವರನ್ನು ತಲೆ ಮೇಲೆ ಹೊತ್ತು ಕುಣಿಯಿತು ಅಂದುಕೊಳ್ಳಬೇಡಿ. ಒಪೆಲ್ ಮಾಂಟಾ ಅನ್ನೋ ಅಗ್ಗದ ಸ್ಪೋರ್ಟ್ಸ್ ಕಾರನ್ನು ತಗ್ಗಿಸಿ, ಆಂಟೆನಾಕ್ಕೆ ನರಿಬಾಲ ಕಟ್ಟಿಕೊಂಡು ಓಡಾಡುತ್ತಿದ್ದ ಕಾರ್ಮಿಕ ವರ್ಗದ ಹುಡುಗರ ಮೇಲೆ 1990ರ ಆಸುಪಾಸಿನಲ್ಲಿ ಇಡೀ ದೇಶ ಜೋಕು ಕಟ್ಟಿ ನಕ್ಕಿತು. ನಮ್ಮಲ್ಲಿ ಸರ್ದಾರ್ಜಿ ಜೋಕು ಇದ್ದ ಹಾಗೆ ಅಲ್ಲಿ ಮಾಂಟಾ ಜೋಕು. 1991ರಲ್ಲಿ ಅದರ ಮೇಲೆ ಸಿನಿಮಾಗಳೂ ಬಂದವು. ಕಾನೂನು ಒಪ್ಪಿದ್ದನ್ನು ಕಾಲೇಜು ಓದಿದವರು ಒಪ್ಪಲಿಲ್ಲ. ಗಾಲ್ಫ್ ಜಿಟಿಐ ಇಟ್ಟುಕೊಂಡವರ ಮರ್ಯಾದೆ ಸ್ವಲ್ಪ ಮೇಲು. ಅವರು 1982ರಿಂದ ಆಸ್ಟ್ರಿಯಾದ ವರ್ಥರ್ ಸರೋವರದ ದಡದ ರೈಫ್ನಿಟ್ಸ್ ಅನ್ನೋ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಸೇರೋಕೆ ಶುರುಮಾಡಿದರು. ಊರವರು ಖುಷಿಯಿಂದ ಗಾಲ್ಫಿನ ಕಲ್ಲಿನ ಪ್ರತಿಮೆಯನ್ನೂ ನಿಲ್ಲಿಸಿದರು. ಕೊನೆಗೆ ಅದೇ ಊರು ಗದ್ದಲ, ಹೊಗೆ ಸಾಕಪ್ಪ ಅಂತ ಜಾತ್ರೆಯನ್ನು ನಿಲ್ಲಿಸಿತು. ಪ್ರತಿಮೆ ಮಾತ್ರ ಇದೆ.

ಜಪಾನಿನಲ್ಲೂ ಇದೇ ಚಾಳಿ ಇದೆ, ಅದಕ್ಕೆ ಶಕೋತಾನ್ ಅಂತ ಹೆಸರೂ ಇದೆ. ಅಲ್ಲಿನ ಕಾನೂನು ಒಂದೇ ಸಾಲಿನದು: ನೆಲದಿಂದ 9 ಸೆಂಟಿಮೀಟರ್. ಜಪಾನಿನ ಹುಡುಗರ ಕಥೆಗೆ ಇನ್ನೊಂದು ಲೇಖನವೇ ಬೇಕು, ಇರಲಿ.

ತಗ್ಗಿಸಿದರೆ ಕಾರು ಚೆನ್ನಾಗಿ ಓಡುತ್ತದೆಯೇ ಅಂತ ನೀವು ಕೇಳಬಹುದು, ಮಾರುವವರು ಹೌದು ಅಂತಲೇ ಹೇಳುತ್ತಾರೆ. ಗುರುತ್ವ ಕೇಂದ್ರ ನೆಲದಿಂದ 550 ಮಿ.ಮೀ. ಮೇಲಿರುವ ಕಾರನ್ನು 30 ಮಿ.ಮೀ. ಇಳಿಸಿದರೆ, ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಹೊರಳುವ ಭಾರ ಶೇಕಡ ಐದರಷ್ಟು ಕಡಿಮೆ ಆಗುತ್ತದೆ. ಅಷ್ಟೇ. ಅತಿಯಾಗಿ ಇಳಿಸಿದರೆ ಮ್ಯಾಕ್‌ಫರ್ಸನ್ ಕಾರುಗಳಲ್ಲಿ ಕೆಳತೋಳಿನ ಕೋನ ಕೆಟ್ಟು, ಕಾರು ಮೊದಲಿಗಿಂತ ಹೆಚ್ಚು ವಾಲೋಕೆ ನೋಡುತ್ತದೆ. ತಿರುವಿನಲ್ಲಿ ನಿಮಗೆ ಕಾರು ಗಟ್ಟಿಯಾಗಿ ನಿಂತಂತೆ ಅನಿಸಿದರೆ ಅದರ ಪುಣ್ಯ ಬಹುಪಾಲು ಬಿಗಿ ಸ್ಪ್ರಿಂಗಿಗೆ, ಒಳ್ಳೇ ಸ್ಟ್ರಟ್ಟಿಗೆ ಸೇರಬೇಕು. ಉಳಿದದ್ದೆಲ್ಲ ಚಂದಕ್ಕೆ. ಚಂದಕ್ಕೆ ಅಂತ ಒಪ್ಪಿಕೊಳ್ಳೋದರಲ್ಲಿ ನಾಚಿಕೆ ಏನೂ ಇಲ್ಲ. ವಿಟ್ಟಿಯರ್ ಬುಲೆವಾರ್ಡಿನವರು ಅದನ್ನು ಯಾವತ್ತೋ ಒಪ್ಪಿಕೊಂಡಿದ್ದರು.

ಇನ್ನು ನಾವು. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಕಾರು ಇದ್ದದ್ದೇ ಹೆಚ್ಚು, ಅದನ್ನು ತಗ್ಗಿಸೋದು ಯಾರಿಗೆ ಬೇಕಿತ್ತು? ಇವತ್ತಿಗೂ ನಾನು ಕಂಡ ಮಟ್ಟಿಗೆ ನಮ್ಮಲ್ಲಿ ಕಾರು ಎತ್ತರಿಸೋರೇ ಜಾಸ್ತಿ. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಳೆ ತುರುಕಿಸಿ ಊರಿಗೆ ಹೋಗುವಾಗ ತಳ ತಾಗದ ಹಾಗೆ ಮಾಡಿಕೊಳ್ಳುತ್ತಾರೆ. ವಿಚಿತ್ರ ನೋಡಿ, ಕಂಪನಿ ಕೊಟ್ಟ ಎತ್ತರವನ್ನು ಅದೂ ಬದಲಾಯಿಸುತ್ತದೆ, ಆದರೆ ಅದನ್ನು ಯಾರೂ ಶೋಕಿ ಅನ್ನೋಲ್ಲ.

ನಮ್ಮ ಕಾನೂನು ಜರ್ಮನಿಯ ದಾರಿಯನ್ನೂ ಹಿಡಿಯಲಿಲ್ಲ, ಕ್ಯಾಲಿಫೋರ್ನಿಯಾದ ಹಾಗೆ ಇಂತಿಷ್ಟೇ ಎತ್ತರ ಅಂತ ಗೆರೆಯನ್ನೂ ಎಳೆಯಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ಹೇಳಿದ್ದಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಮಾರ್ಪಡಿಸಕೂಡದು ಅನ್ನುತ್ತದೆ. 2019ರ ಜನವರಿ 9ರಂದು, ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು: ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಿಮ್ಮ ಆರ್‌ಸಿ ಕಾರ್ಡ್ ತೆಗೆದು ನೋಡಿ. ವೀಲ್‌ಬೇಸ್ ಇರುತ್ತದೆ, ತೂಕ ಇರುತ್ತದೆ. ತಳ ನೆಲದಿಂದ ಎಷ್ಟು ಮೇಲಿದೆ ಅನ್ನೋದು ಇರೋಲ್ಲ. ಹಾಗಾದರೆ ಸ್ಪ್ರಿಂಗ್ ಬದಲಾಯಿಸಿದವನು ತಪ್ಪಿತಸ್ಥನೋ ಅಲ್ಲವೋ? ತಗ್ಗಿಸೋರು ಅಲ್ಲ ಅಂತ ವಾದ ಮಾಡುತ್ತಾರೆ. ರಸ್ತೆ ಬದಿಯಲ್ಲಿ ಆ ವಾದ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಎದುರಿಗೆ ನಿಂತ ಅಧಿಕಾರಿಯ ಮೇಲೆ ಹೋಗುತ್ತದೆ. ಲೆಕ್ಕ ಹಾಕಿ ಮಾಡಿದ ಒಳ್ಳೇ ಸ್ಪ್ರಿಂಗು, ಅದಕ್ಕೆ ತಕ್ಕ ಸ್ಟ್ರಟ್ಟು ಹಾಕಿಸಿಕೊಂಡವನಿಗೂ, ಗ್ಯಾಸ್ ಕಟರಿನಲ್ಲಿ ಎರಡು ಸುತ್ತು ಕತ್ತರಿಸಿಕೊಂಡವನಿಗೂ ನಮ್ಮಲ್ಲಿ ಒಂದೇ ಗತಿ. ಇಬ್ಬರ ಹತ್ತಿರವೂ ಕಾಗದ ಇಲ್ಲ, ಅದನ್ನು ಪಡೆಯುವ ಬಾಗಿಲೂ ಇಲ್ಲ. ಅಪಘಾತವಾದರೆ ಇನ್ಶೂರೆನ್ಸಿನವರು ಇಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಾರೆ. ಎರಡು ಸ್ಪ್ರಿಂಗಿಗೂ ಇರುವ ವ್ಯತ್ಯಾಸ ಸಾವು ಬದುಕಿನದು ಅನ್ನೋದು ಮಾತ್ರ ಯಾವ ಫಾರಂನಲ್ಲೂ ದಾಖಲಾಗೋಲ್ಲ. ಹಾಗಿದ್ದ ಮೇಲೆ ಕಾಸು ಉಳಿಸೋಣ ಅಂತ ಹೊರಟ ಹುಡುಗ ಕಟರಿನ ಕಡೆಗೇ ವಾಲಿದರೆ ಅವನನ್ನೊಬ್ಬನನ್ನೇ ಬೈಯೋದು ನನಗೆ ಕಷ್ಟ.

ಕಾರು ತಗ್ಗಿಸುವ ಕೆಲಸ ಬಲ್ಲ ಯಾವ ಗ್ಯಾರೇಜಿನವರನ್ನು ಕೇಳಿದರೂ ಕೊನೆಗೆ ಒಂದು ಬುದ್ಧಿಮಾತು ಹೇಳುತ್ತಾರೆ: ಕಂಪನಿ ಸ್ಪ್ರಿಂಗ್ ಗುಜರಿಗೆ ಹಾಕಬೇಡಿ ಸಾರ್, ಇಟ್ಕೊಂಡಿರಿ, ಮಾರುವಾಗ ಬೇಕಾಗುತ್ತೆ. ಹಾಗಾಗಿ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಅಟ್ಟದ ಮೇಲೆ, ದಸರಾ ಬೊಂಬೆಯ ಪೆಟ್ಟಿಗೆಗೂ ಹಳೇ ಯುಪಿಎಸ್ ಬ್ಯಾಟರಿಗೂ ಮಧ್ಯೆ, ಪೇಪರಿನಲ್ಲಿ ಸುತ್ತಿದ ನಾಲ್ಕು ಸ್ಪ್ರಿಂಗುಗಳು ಕೂತಿವೆ. ಒಂದು ಸುತ್ತೂ ಕಡಿಮೆ ಇಲ್ಲ.